ಡೌನ್ ಸಿಂಡ್ರೋಮ್ ಇರುವ ತಮ್ಮನಿಗೆ ನಲವತ್ತೇಳಕ್ಕೇ ಮರೆವಿನ ಕಾಯಿಲೆಯೇ?

ಪ್ರಶ್ನೆ: ನನ್ನ ತಮ್ಮನಿಗೆ 47 ವರ್ಷ. ಹುಟ್ಟಿನಿಂದ ಡೌನ್ ಸಿಂಡ್ರೋಮ್. ಓದು ಬರಹ ಬಾರದಿದ್ದರೂ ಮನೆಯ ಎಷ್ಟೋ ಕೆಲಸ ಅವನದೇ. ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಡೇರಿಗೆ ಹೋಗಿ ಹಾಲು ಹಾಕಿ ಬರುತ್ತಿದ್ದ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡರು. ಈಗೊಂದು ವರ್ಷದಿಂದ ಡೇರಿಗೆ ಹೊರಟವನು ದಾರಿಯಲ್ಲೇ ನಿಂತುಬಿಡುತ್ತಾನೆ. ಪಡಸಾಲೆಯಿಂದ ಅಡುಗೆಮನೆಗೆ ಬರಲು ಹೆದರುತ್ತಾನೆ. ಯಾರೊಂದಿಗೂ ಬೆರೆಯುವುದಿಲ್ಲ, ಹೇಳಿದ್ದಕ್ಕೆಲ್ಲ ಹಟ. ಇತ್ತೀಚೆಗೆ ಬೆಳಗಿನ ಹೊತ್ತು ಕಾಫಿ ಲೋಟ ಎಸೆದ ಹಾಗೆ ಬೀಳಿಸುತ್ತಾನೆ, ಬೇಕೆಂದೇ ಮಾಡುತ್ತಾನೆ ಅಂತ ಮನೆಯವರು ಬೈಯುತ್ತಾರೆ. ‘ಅಮ್ಮ ಎಲ್ಲಿ’ ಅನ್ನುತ್ತಾನೆ; ತೀರಿಕೊಂಡರು ಅಂದರೆ ಪ್ರತಿ ಸಲವೂ ಆಗಷ್ಟೇ ಸುದ್ದಿ ಕೇಳಿದವನ ಹಾಗೆ ಅಳುತ್ತಾನೆ. ಡಾಕ್ಟರೊಬ್ಬರಿಗೆ ತೋರಿಸಿದೆವು. ‘ಇಂಥವರು ಇರೋದೇ ಹಾಗೆ, ವಯಸ್ಸೂ ಆಯಿತಲ್ಲ’ ಅಂದರು. ಡೌನ್ ಸಿಂಡ್ರೋಮ್ ಇರುವವರಿಗೆ ಅಲ್ಜೈಮರ್ಸ್ ಬರುತ್ತದೆ ಎಂದು ಓದಿದೆ. ನಿಜವೇ? ಔಷಧ ಇದೆಯೇ? ನನ್ನ ಮಗಳಿಗೂ ಬಂದೀತೇ?
– ಹೆಸರು ಬೇಡ, ಮಲೆನಾಡು

ಉತ್ತರ: ನೀವು ಮಾತಿನ ನಡುವೆ ಹೇಳಿಬಿಟ್ಟ ಒಂದು ವಿಷಯದಿಂದಲೇ ಶುರು ಮಾಡುತ್ತೇನೆ. ಕಾಫಿ ಲೋಟ. ನಿಮ್ಮ ತಮ್ಮ ಅದನ್ನು ಬೇಕೆಂದು ಬೀಳಿಸುತ್ತಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲಿ ತೋಳು ಒಮ್ಮೆಲೇ ಬೆಚ್ಚಿದ ಹಾಗೆ ಅದುರಿ ಕೈಯಲ್ಲಿದ್ದದ್ದು ಹಾರಿಹೋಗುವುದಕ್ಕೆ ಮಯೋಕ್ಲೋನಸ್ ಎನ್ನುತ್ತಾರೆ. ಪ್ರಜ್ಞೆ ತಪ್ಪುವುದಿಲ್ಲ, ಬಾಯಲ್ಲಿ ನೊರೆ ಬರುವುದಿಲ್ಲ. ಆದ್ದರಿಂದ ಮನೆಯವರಿಗೆ ಇದು ಫಿಟ್ಸ್ ಎಂದು ಹೊಳೆಯುವುದೇ ಇಲ್ಲ. ಆದರೆ ಇದೂ ಫಿಟ್ಸ್‌ನ ಒಂದು ಬಗೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ನಲವತ್ತು ದಾಟಿದ ಮೇಲೆ ಇದು ಹೊಸದಾಗಿ ಕಾಣಿಸಿಕೊಂಡರೆ ಮರೆವಿನ ಕಾಯಿಲೆಯ ಬಗ್ಗೆ ಯೋಚಿಸಲೇಬೇಕು. ಬೇರೆಯವರಿಗೆ ಬರುವ ಅಲ್ಜೈಮರ್ಸ್‌ನಲ್ಲಿ ಫಿಟ್ಸ್ ಅಷ್ಟಾಗಿ ಇರುವುದಿಲ್ಲ. ಇವರಲ್ಲಿ ಬಹಳ ಸಾಮಾನ್ಯ.

ಹಾಗಾಗಿ ಉಳಿದದ್ದೆಲ್ಲ ಒಂದು ವಾರ ತಡವಾದರೂ ಪರವಾಗಿಲ್ಲ, ಇದು ತಡವಾಗಬಾರದು. ನಾಳೆಯಿಂದಲೇ ಬೆಳಿಗ್ಗೆ ಎದ್ದ ಮೇಲಿನ ಒಂದು ಗಂಟೆ ಯಾರಾದರೂ ಜೊತೆಗಿರಲಿ. ಕೈ ಅದುರುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಅರ್ಧ ನಿಮಿಷದ ವಿಡಿಯೊ ನರರೋಗ ತಜ್ಞರಿಗೆ ಹತ್ತು ಪುಟದ ಪತ್ರಕ್ಕಿಂತ ಹೆಚ್ಚು ಹೇಳುತ್ತದೆ. ಬಿಸಿ ಕಾಫಿ ಕೈಗೆ ಕೊಡಬೇಡಿ, ಆರಿಸಿ ಅರ್ಧ ಲೋಟ ಕೊಡಿ. ಬಾವಿಕಟ್ಟೆ, ಬಚ್ಚಲಿನ ಹಂಡೆ, ಒಲೆ ಇವುಗಳ ಹತ್ತಿರ ಒಬ್ಬರನ್ನೇ ಬಿಡಬೇಡಿ, ಬಚ್ಚಲಿನ ಒಳಗಿನ ಚಿಲಕ ತೆಗೆಸಿಬಿಡಿ. ತಜ್ಞರು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಮಾಡಿಸಿ ಔಷಧ ಕೊಡುತ್ತಾರೆ. ಕಾರ್ಬಮಝೆಪಿನ್, ಫೆನಿಟಾಯಿನ್‌ನಂಥ ಹಳೆಯ ಮಾತ್ರೆಗಳು ಈ ಬಗೆಯ ಅದುರುವಿಕೆಯನ್ನು ಹೆಚ್ಚಿಸಬಲ್ಲವು. ಸಾಮಾನ್ಯವಾಗಿ ಲೆವೆಟಿರಾಸೆಟಮ್ ಬಳಸುತ್ತಾರೆ. ಅದರಿಂದ ಕೆಲವರಿಗೆ ಸಿಟ್ಟು ಜಾಸ್ತಿಯಾಗುತ್ತದೆ, ಗಮನಿಸುತ್ತಿರಿ. ಈ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಲು ಸಂಕೋಚ ಬೇಡ. ಹಾಗೆಯೇ, ಲೋಟ ಬಿದ್ದದ್ದಕ್ಕೆ ಇನ್ನು ಮುಂದೆ ಯಾರೂ ಬೈಯಬಾರದು ಎಂದು ಮನೆಯವರಿಗೆ ನನ್ನ ಹೆಸರಿನಲ್ಲಿಯೇ ಹೇಳಿ.

ಈಗ ನಿಮ್ಮ ಮೊದಲ ಪ್ರಶ್ನೆ. ನೀವು ಓದಿದ್ದು ನಿಜ.

ನಮ್ಮೆಲ್ಲರಿಗೂ 21ನೇ ವರ್ಣತಂತು (ಕ್ರೋಮೋಸೋಮ್) ಎರಡಿರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಡೌನ್ ಸಿಂಡ್ರೋಮ್ ಇರುವವರಿಗೆ ಮೂರು. ಇದು ಗೊತ್ತಾದದ್ದು 1959ರಲ್ಲಿ, ಪ್ಯಾರಿಸ್ಸಿನಲ್ಲಿ. ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಹುಟ್ಟಲು ಬೇಕಾದ ಮೂಲವಸ್ತುವನ್ನು ತಯಾರಿಸುವ ವಂಶವಾಹಿ ಕೂತಿರುವುದು ಈ 21ನೆಯದರಲ್ಲೇ. ಅದರ ಹೆಸರು ಎಪಿಪಿ. ಮೂರು ಪ್ರತಿ ಇದ್ದರೆ ಹುಟ್ಟಿದಂದಿನಿಂದಲೇ ಉತ್ಪಾದನೆ ಹೆಚ್ಚು. ವರ್ಷಗಟ್ಟಲೆ ಸೇರಿ ಸೇರಿ, ಪಾತ್ರೆಯ ತಳದಲ್ಲಿ ಗಡಸು ನೀರಿನ ಕರೆ ಕಟ್ಟುವ ಹಾಗೆ, ಅಮೈಲಾಯ್ಡ್ ಮಿದುಳಿನಲ್ಲಿ ಗಟ್ಟಿಗಟ್ಟುತ್ತದೆ. ಆಮೇಲೆ ನರಕೋಶಗಳ ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ಸಿಕ್ಕುಗಟ್ಟಿ ಕೋಶಗಳು ಸಾಯತೊಡಗುತ್ತವೆ. ನಲವತ್ತು ತುಂಬುವ ಹೊತ್ತಿಗೆ ಡೌನ್ ಸಿಂಡ್ರೋಮ್ ಇರುವ ಹೆಚ್ಚುಕಡಿಮೆ ಎಲ್ಲರ ಮಿದುಳಿನಲ್ಲೂ ಈ ಬದಲಾವಣೆಗಳು ಇರುತ್ತವೆ, ಹೊರಗೆ ಲಕ್ಷಣ ಕಾಣದಿದ್ದರೂ.

ಈ ಕೊಂಡಿ ಸಿಕ್ಕಿದ ರೀತಿಯನ್ನು ಹೇಳಲೇಬೇಕು. 1984ರಲ್ಲಿ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಎಂಬ ಅಮೆರಿಕದ ವಿಜ್ಞಾನಿಗಳು ಅಲ್ಜೈಮರ್ಸ್ ರೋಗಿಯ ಮಿದುಳಿನ ರಕ್ತನಾಳಗಳಿಂದ ಅಮೈಲಾಯ್ಡ್ ಪ್ರೋಟೀನನ್ನು ಬೇರ್ಪಡಿಸಿದರು. ಅದೇ ವರ್ಷ ಡೌನ್ ಸಿಂಡ್ರೋಮ್ ಇದ್ದವರ ಮಿದುಳಿನಲ್ಲೂ ಅದೇ ಪ್ರೋಟೀನು ಇರುವುದನ್ನು ತೋರಿಸಿ, ಹಾಗಾದರೆ ಇದರ ವಂಶವಾಹಿ 21ನೇ ವರ್ಣತಂತುವಿನಲ್ಲೇ ಇರಬೇಕು ಎಂದು ಊಹಿಸಿದರು. 1987ರಲ್ಲಿ ಅದು ಅಲ್ಲೇ ಸಿಕ್ಕಿತು. ಇಂದು ಅಲ್ಜೈಮರ್ಸ್ ಬಗ್ಗೆ ಜಗತ್ತಿಗೆ ಗೊತ್ತಿರುವುದರ ಒಂದು ದೊಡ್ಡ ಪಾಲು ನಿಮ್ಮ ತಮ್ಮನಂಥವರಿಂದ ಬಂದ ಜ್ಞಾನ. ಇದನ್ನು ನೆನಪಿಟ್ಟುಕೊಳ್ಳಿ, ಔಷಧದ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಎಪಿಪಿಯೇ ಕಾರಣ ಎನ್ನಲು ಪ್ರಕೃತಿಯೇ ಎರಡು ಪುರಾವೆ ಒದಗಿಸಿದೆ. 1998ರಲ್ಲಿ ಬ್ರಿಟನ್ನಿನ ವೈದ್ಯರು 78 ವರ್ಷ ಬದುಕಿದ, ಡೌನ್ ಸಿಂಡ್ರೋಮ್ ಇದ್ದ ಒಬ್ಬ ಹೆಂಗಸಿನ ವಿವರ ಪ್ರಕಟಿಸಿದರು. ಆಕೆಯಲ್ಲಿ 21ನೇ ವರ್ಣತಂತುವಿನ ಒಂದು ತುಂಡು ಮಾತ್ರ ಹೆಚ್ಚಾಗಿತ್ತು, ಆ ತುಂಡಿನಲ್ಲಿ ಎಪಿಪಿ ಇರಲಿಲ್ಲ. ಆಕೆಗೆ ಮರೆವಿನ ಕಾಯಿಲೆ ಬರಲಿಲ್ಲ. ಇದಕ್ಕೆ ತಿರುವುಮುರುವಾದದ್ದು 2006ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕಿತು. ಕೆಲವು ಕುಟುಂಬಗಳಲ್ಲಿ ಡೌನ್ ಸಿಂಡ್ರೋಮ್ ಇಲ್ಲ, ಎಪಿಪಿ ಇರುವ ಸಣ್ಣ ಭಾಗ ಮಾತ್ರ ಒಂದು ಪ್ರತಿ ಹೆಚ್ಚು. ಅವರಿಗೆ ಚಿಕ್ಕ ವಯಸ್ಸಿನಲ್ಲೇ ಅಲ್ಜೈಮರ್ಸ್ ಬಂದಿತ್ತು.

ಹಾಗಿದ್ದರೆ ಎಷ್ಟನೇ ವಯಸ್ಸಿಗೆ? ಐರ್ಲೆಂಡಿನಲ್ಲಿ ಡೌನ್ ಸಿಂಡ್ರೋಮ್ ಇರುವ, 35 ದಾಟಿದ 77 ಜನರನ್ನು 20 ವರ್ಷ ಬಿಡದೆ ಗಮನಿಸಿದರು. 97 ಪ್ರತಿಶತಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು, ಪತ್ತೆಯಾದ ಸರಾಸರಿ ವಯಸ್ಸು 55. ಬಾರ್ಸಿಲೋನಾ ಮತ್ತು ಕೇಂಬ್ರಿಜ್‌ನ ಸಂಶೋಧಕರು 388 ಜನರನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಲಕ್ಷಣಗಳ ಹಂತದಲ್ಲಿದ್ದವರ ನಡುವಯಸ್ಸು ಸುಮಾರು 50, ಕಾಯಿಲೆ ಸ್ಪಷ್ಟವಾಗಿದ್ದವರದು ಸುಮಾರು 54. ‘ಅರವತ್ತಕ್ಕೆ ಅರಳು ಮರಳು’ ಎನ್ನುವ ನಮ್ಮ ಗಾದೆಯನ್ನು ಇವರ ಮಟ್ಟಿಗೆ ಐವತ್ತಕ್ಕೆ ಇಳಿಸಬೇಕು. ಹಿಂದೆ ಇದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಆ ವಯಸ್ಸಿನವರೆಗೆ ಬದುಕುತ್ತಿದ್ದವರೇ ಕಡಿಮೆ. ಅಮೆರಿಕದಲ್ಲಿ 1983ರಲ್ಲಿ ಇವರ ಆಯುಸ್ಸು ಸರಾಸರಿ 25, ಈಗ 60ರ ಆಸುಪಾಸು. ಇವರಲ್ಲಿ ಅನೇಕರಿಗೆ ಹುಟ್ಟಿನಿಂದ ಇರುವ ಹೃದಯದ ದೋಷಕ್ಕೆ ಮಾಡುವ ಶಸ್ತ್ರಚಿಕಿತ್ಸೆ ಅವರನ್ನು ಉಳಿಸಿತು. ಉಳಿದವರ ಮುಂದಿನ ಬದುಕಿಗೆ ಬೇಕಾದ ಸಿದ್ಧತೆಯನ್ನು ನಾವು ಮಾಡಿಕೊಳ್ಳಲಿಲ್ಲ.

ಆದರೆ ಈ ಅಂಕಿಗಳನ್ನು ನೋಡಿ ನಿಮ್ಮ ತಮ್ಮನಿಗೂ ಅದೇ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ, ಬೇರೆ ಯಾರೂ ಪರೀಕ್ಷಿಸದೆ ಹೇಳಬಾರದು. ‘ಇವರು ಇರೋದೇ ಹಾಗೆ’ ಎನ್ನುವುದು ಎಷ್ಟು ತಪ್ಪೋ, ‘ಇವರಿಗೆ ಅಲ್ಜೈಮರ್ಸ್ ಬರೋದೇ’ ಎಂದು ಕೈಚೆಲ್ಲುವುದೂ ಅಷ್ಟೇ ತಪ್ಪು. ಎರಡರ ನಡುವೆ, ವಾಸಿಮಾಡಬಹುದಾದ ಕಾರಣಗಳು ಕಳೆದುಹೋಗುತ್ತವೆ. ಬಹಳ ಹಿಂದೆ ನನ್ನ ಹತ್ತಿರ ಒಬ್ಬರನ್ನು ಕರೆತಂದಿದ್ದರು. ವಯಸ್ಸು ನಲವತ್ಮೂರು, ಡೌನ್ ಸಿಂಡ್ರೋಮ್. ಮಾತು ನಿಂತಿದೆ, ಕರೆದರೆ ತಿರುಗುವುದಿಲ್ಲ, ಹಗಲೆಲ್ಲ ತೂಕಡಿಕೆ. ಮರೆವಿನ ಕಾಯಿಲೆ ಎಂದು ಮನೆಯವರು ತೀರ್ಮಾನಿಸಿಯಾಗಿತ್ತು. ಥೈರಾಯ್ಡ್ ತೀರಾ ಕಡಿಮೆಯಿತ್ತು, ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಿನಂತೆ ಕೂತಿತ್ತು. ಆರು ತಿಂಗಳ ಬಳಿಕ ಅವರೇ ಬಾಗಿಲು ತಳ್ಳಿಕೊಂಡು ಒಳಗೆ ಬಂದು ನನ್ನ ಮೇಜಿನ ಮೇಲಿದ್ದ ಪೆನ್ನು ಕೇಳಿದರು. ಆ ಪೆನ್ನನ್ನು ಕೊಟ್ಟುಬಿಟ್ಟೆ.

ನಿಮ್ಮ ತಮ್ಮನಿಗೂ ಥೈರಾಯ್ಡ್, ಬಿ12, ಸಕ್ಕರೆ, ರಕ್ತಹೀನತೆಯ ಪರೀಕ್ಷೆ ಮೊದಲು ಆಗಲಿ. ಕಣ್ಣಿನ ಪೊರೆ ಇವರಿಗೆ ಬೇಗ ಬರುತ್ತದೆ. ಅಡುಗೆಮನೆಗೆ ಬರಲು ಹೆದರುವುದಕ್ಕೆ ಅದೂ ಕಾರಣವಿರಬಹುದು. ಕಿವಿ ತೋರಿಸಿ. ರಾತ್ರಿ ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗಿ ಮತ್ತೆ ಎಳೆದುಕೊಳ್ಳುವುದು ಇದೆಯೇ ನೋಡಿ. ನಿದ್ರೆಯಲ್ಲಿ ಉಸಿರು ನಿಲ್ಲುವ ಈ ತೊಂದರೆ ಇವರಲ್ಲಿ ತೀರಾ ಸಾಮಾನ್ಯ, ಹಗಲಿನ ಮಂಕಿಗೆ ಅದೊಂದೇ ಸಾಕು. ನಡಿಗೆ ತೊಡರುತ್ತಿದ್ದರೆ, ಉಚ್ಚೆ ತಡೆಯಲಾಗದಿದ್ದರೆ ಕುತ್ತಿಗೆಯ ಮೂಳೆಯನ್ನೂ ನೋಡಬೇಕು. ಇವರ ಕುತ್ತಿಗೆಯ ಮೇಲಿನ ಕೀಲು ಸಡಿಲವಿದ್ದು ಬೆನ್ನುಹುರಿ ಅದುಮಿಕೊಳ್ಳುವುದುಂಟು. ನಿದ್ದೆಗೋ ಅಲರ್ಜಿಗೋ ಯಾವ ಮಾತ್ರೆ ಕೊಡುತ್ತಿದ್ದರೂ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ, ಕೆಲವು ಮಾತ್ರೆಗಳೇ ತಲೆ ಮಂಕಾಗಿಸುತ್ತವೆ. ಮತ್ತೆ ಅಮ್ಮನ ಸಾವು. ನಲವತ್ತೈದು ವರ್ಷ ಜೊತೆಗಿದ್ದ ಜೀವ ಒಂದು ದಿನ ಇಲ್ಲವಾಗಿದೆ. ಆ ದುಃಖ ಖಿನ್ನತೆಯಾಗಿ ಕೂತಿದ್ದರೂ ಹೀಗೆಯೇ ಕಾಣುತ್ತದೆ: ಬೆರೆಯುವುದಿಲ್ಲ, ಕೆಲಸ ಬಿಡುತ್ತಾರೆ, ಹಟ. ಅದಕ್ಕೆ ಚಿಕಿತ್ಸೆ ಇದೆ. ಆದರೆ ಬೆಳಗಿನ ಅದುರುವಿಕೆಯೂ ದಾರಿ ತಪ್ಪಿದಂತೆ ನಿಲ್ಲುವುದೂ ಜೊತೆಗಿರುವಾಗ ಖಿನ್ನತೆಯೊಂದೇ ಇರಲಾರದು ಎನ್ನುವುದು ನನ್ನ ಅನಿಸಿಕೆ.

ನೀವು ಬರೆದದ್ದರಲ್ಲಿ ಮರೆವಿಗಿಂತ ಸ್ವಭಾವದ ಬದಲಾವಣೆಯೇ ಹೆಚ್ಚಿದೆ. ಅದು ವಿಚಿತ್ರವಲ್ಲ. ಕೇಂಬ್ರಿಜ್‌ನ ಟೋನಿ ಹಾಲೆಂಡ್ ಅವರ ತಂಡ ವರ್ಷಗಟ್ಟಲೆ ಗಮನಿಸಿ ತೋರಿಸಿದ ಹಾಗೆ, ಡೌನ್ ಸಿಂಡ್ರೋಮ್ ಇರುವವರಲ್ಲಿ ಮರೆವು ಎದ್ದು ಕಾಣುವ ಮೊದಲೇ ನಡತೆ ಬದಲಾಗಬಹುದು. ಆಸಕ್ತಿ ಹೋಗುತ್ತದೆ, ಹಟ ಹೆಚ್ಚುತ್ತದೆ, ಒಂದಾದ ಮೇಲೊಂದು ಮಾಡಬೇಕಾದ ಕೆಲಸ ನಡುವೆಯೇ ಕೈಬಿಡುತ್ತದೆ. ಡೇರಿಗೆ ಹೋಗುವುದೆಂದರೆ ಕ್ಯಾನು ತೊಳೆಯುವುದು, ಮುಚ್ಚಳ ಬಿಗಿಯುವುದು, ತಿರುವಿನಲ್ಲಿ ಬಲಕ್ಕೆ ಹೊರಳುವುದು, ಸರದಿಯಲ್ಲಿ ನಿಲ್ಲುವುದು, ಪುಸ್ತಕದಲ್ಲಿ ಬರೆಸುವುದು. ನಮಗೆ ಒಂದು ಕೆಲಸ, ಮಿದುಳಿಗೆ ಐದು. ದಾರಿಯಲ್ಲಿ ನಿಂತವರು ಸೋಮಾರಿಯಾಗಿ ನಿಂತಿಲ್ಲ, ಮುಂದಿನದು ಯಾವುದೆಂದು ತೋಚದೆ ನಿಂತಿದ್ದಾರೆ.

ಹಾಗೆಯೇ ಆ ಪಡಸಾಲೆ. ಪಡಸಾಲೆಗೆ ಕೆಂಪು ಗಾರೆ, ಅಡುಗೆಮನೆಗೆ ಬಿಳಿ ಟೈಲ್ಸ್ ಇದೆಯೇ? ನಾನು ನೋಡಿದ ಎಷ್ಟೋ ಮನೆಗಳಲ್ಲಿ ಹೀಗೇ ಇತ್ತು. ಆಳ ಅಳೆಯುವ ಶಕ್ತಿ ಕುಂದಿದ ಕಣ್ಣಿಗೆ ನೆಲದ ಬಣ್ಣ ಬದಲಾದ ಕಡೆ ಮೆಟ್ಟಿಲೋ ಹೊಂಡವೋ ಇದ್ದಂತೆ ಕಾಣುತ್ತದೆ. ಕಾಲು ಮುಂದಿಟ್ಟು ಗಾಳಿಯಲ್ಲಿ ತಡಕಾಡಿ ಹಿಂದೆ ತೆಗೆಯುತ್ತಾರೆಯೇ ನೋಡಿ. ಹೌದಾದರೆ ರಟ್ಟೆ ಹಿಡಿದು ಎಳೆಯಬೇಡಿ. ಎದುರಿಗೆ ನಿಂತು ಕೈ ಚಾಚಿ, ಅವರಾಗಿ ಹಿಡಿದುಕೊಳ್ಳಲಿ. ಅಲ್ಲಿ ಬೆಳಕು ಹೆಚ್ಚಿಸಿ. ಹೊಳೆಯುವ ಒದ್ದೆ ನೆಲ ಬೇಡ, ಕಪ್ಪು ಕಾಲೊರಸು ಬೇಡ. ಅದು ಅವರಿಗೆ ಗುಂಡಿಯೇ.

ಪರೀಕ್ಷೆಯ ಬಗ್ಗೆ ಒಂದು ಎಚ್ಚರ. ಆಸ್ಪತ್ರೆಯಲ್ಲಿ ‘ಇವತ್ತು ಯಾವ ತಾರೀಕು, ನೂರರಿಂದ ಏಳು ಕಳೆಯುತ್ತಾ ಹೋಗಿ’ ಎಂದು ಕೇಳುವ ಮಾಮೂಲಿ ಪ್ರಶ್ನಾವಳಿ ಇವರಿಗೆ ಹೊಂದುವುದಿಲ್ಲ. ಇಪ್ಪತ್ತೈದರಲ್ಲೂ ನಿಮ್ಮ ತಮ್ಮ ನೂರರಿಂದ ಏಳು ಕಳೆಯುತ್ತಿರಲಿಲ್ಲ. ಅವರನ್ನು ಅಳೆಯಬೇಕಾದದ್ದು ಅವರದೇ ನಿನ್ನೆಯೊಂದಿಗೆ. ಆ ನಿನ್ನೆ ಗೊತ್ತಿರುವುದು ನಿಮಗೆ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ. ಎಡಕ್ಕೆ, ಅಮ್ಮ ಇದ್ದಾಗ ತಾವೇ ಮಾಡುತ್ತಿದ್ದದ್ದು: ಅಂಗಿಯ ಗುಂಡಿ, ಸ್ನಾನ, ಊಟಕ್ಕೆ ತಟ್ಟೆ ಇಡುವುದು, ನೆಂಟರ ಹೆಸರು, ಮೆಚ್ಚಿನ ಹಾಡು. ಬಲಕ್ಕೆ, ಈಗ ಹೇಗೆ ಮತ್ತು ಎಂದಿನಿಂದ. ಹಳೆಯ ಮದುವೆಮನೆಯ ವಿಡಿಯೊ ಇದ್ದರೆ ಒಯ್ಯಿರಿ, ಅಂದಿನ ಮಾತು ನಡಿಗೆ ತಜ್ಞರು ಕಣ್ಣಾರೆ ನೋಡಬಹುದು. ಆರೈಕೆ ಮಾಡುವವರೇ ತುಂಬುವ ಎನ್‌ಟಿಜಿ-ಇಡಿಎಸ್‌ಡಿ ಎಂಬ ನಮೂನೆ ಇದೆ, ಇವರಿಗೆಂದೇ ರೂಪಿಸಿದ ಪರೀಕ್ಷೆಗಳೂ ಇವೆ. ನಿಮ್ಮ ಕಡೆಯಿಂದ ಬೆಂಗಳೂರು ದೂರವೇ, ಆದರೂ ಒಮ್ಮೆ ನಿಮ್ಹಾನ್ಸ್‌ನಂಥ ಕಡೆ ಮನೋವೈದ್ಯರು ಮತ್ತು ನರರೋಗ ತಜ್ಞರು ಇಬ್ಬರೂ ನೋಡುವುದು ಒಳ್ಳೆಯದು. ಇದನ್ನು ಓದುತ್ತಿರುವ ಬೇರೆ ಮನೆಗಳಿಗೂ ಹೇಳುತ್ತೇನೆ: ಮನೆಯಲ್ಲಿ ಡೌನ್ ಸಿಂಡ್ರೋಮ್ ಇರುವವರು ಮೂವತ್ತು ದಾಟಿ ಆರೋಗ್ಯವಾಗಿದ್ದರೆ, ಆ ಎಡಗಡೆಯ ಕಾಲಂ ಇವತ್ತೇ ಬರೆದಿಡಿ. ನಲವತ್ತರ ಮೇಲೆ ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು.

ಔಷಧ. ವಾಸಿ ಮಾಡುವುದು ಇಲ್ಲ. ಅಲ್ಜೈಮರ್ಸ್‌ಗೆ ಎಲ್ಲೆಡೆ ಬರೆಯುವ ಮೆಮಾಂಟಿನ್ ಎಂಬ ಮಾತ್ರೆಯನ್ನು ಬ್ರಿಟನ್ ಮತ್ತು ನಾರ್ವೆಯಲ್ಲಿ ಡೌನ್ ಸಿಂಡ್ರೋಮ್ ಇರುವ, ನಲವತ್ತು ದಾಟಿದ 173 ಜನರಲ್ಲಿ ಒಂದು ವರ್ಷ ಪರೀಕ್ಷಿಸಿದರು. 2012ರಲ್ಲಿ ಬಂದ ಫಲಿತಾಂಶ: ಸುಳ್ಳುಮಾತ್ರೆಗಿಂತ ಹೆಚ್ಚಿನ ಪ್ರಯೋಜನವಿಲ್ಲ. ವಿಟಮಿನ್ ಇ ಕೂಡ ಇವರ ಪಾಲಿಗೆ ಕೆಲಸ ಮಾಡಲಿಲ್ಲ, ಯಾರಾದರೂ ‘ಮಿದುಳಿನ ಟಾನಿಕ್’ ಎಂದು ಮಾರಲು ಬಂದರೆ ಹಣ ಹಾಕಬೇಡಿ. ಅಲ್ಜೈಮರ್ಸ್‌ಗೇ ಕೊಡುವ ಡೊನೆಪೆಝಿಲ್ ಗುಂಪಿನ ಮಾತ್ರೆಗಳ ಕಥೆ ಸ್ವಲ್ಪ ಬೇರೆ. ಇಂಗ್ಲೆಂಡಿನಲ್ಲಿ 310 ಜನರ ದಾಖಲೆ ನೋಡಿದಾಗ, ಔಷಧ ಪಡೆದವರು ರೋಗ ಪತ್ತೆಯಾದ ಮೇಲೆ ಸುಮಾರು ಐದೂವರೆ ವರ್ಷ, ಪಡೆಯದವರು ಸುಮಾರು ಮೂರೂವರೆ ವರ್ಷ ಬದುಕಿದ್ದರು. ಇದು ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲ, ದಾಖಲೆಯ ಲೆಕ್ಕ. ಹಾಗಾಗಿ ಔಷಧದಿಂದಲೇ ಎಂದು ಆಣೆ ಮಾಡಲಾಗದು. ಆದರೂ ನಾನು ಪ್ರಯತ್ನಿಸಿ ನೋಡುವ ಪಕ್ಷ. ಇವು ನಾಡಿಯನ್ನು ನಿಧಾನಗೊಳಿಸುತ್ತವೆ. ಮೊದಲು ಇಸಿಜಿ ಆಗಬೇಕು, ಅತಿ ಕಡಿಮೆ ಪ್ರಮಾಣದಿಂದ ಶುರುವಾಗಬೇಕು, ಫಿಟ್ಸ್ ಹತೋಟಿಗೆ ಬಂದಿರಬೇಕು.

ಇನ್ನು ಸುದ್ದಿಯಲ್ಲಿರುವ ಹೊಸ ಚುಚ್ಚುಮದ್ದುಗಳು. ಮಿದುಳಿನ ಅಮೈಲಾಯ್ಡನ್ನು ತೊಳೆದು ತೆಗೆಯುವ ಲೆಕಾನೆಮ್ಯಾಬ್‌ಗೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಆ ದೊಡ್ಡ ಪ್ರಯೋಗಗಳಲ್ಲಿ ಡೌನ್ ಸಿಂಡ್ರೋಮ್ ಇರುವವರನ್ನು ಸೇರಿಸಿಕೊಳ್ಳಲಿಲ್ಲ. ಯಾರ ಮಿದುಳಿನಿಂದ ಈ ಪ್ರೋಟೀನಿನ ವಂಶವಾಹಿಯ ಜಾಗ ಪತ್ತೆಯಾಯಿತೋ ಅವರನ್ನೇ ಹೊರಗಿಟ್ಟರು. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಹಾಗೆಂದು ಆ ಔಷಧವನ್ನು ಇವತ್ತೇ ಇವರಿಗೆ ಕೊಟ್ಟುಬಿಡಿ ಎಂದೂ ಹೇಳಲಾರೆ. ಇವರಲ್ಲಿ ಅಮೈಲಾಯ್ಡ್ ಮಿದುಳಿನ ರಕ್ತನಾಳಗಳ ಗೋಡೆಯಲ್ಲೂ ಹೆಚ್ಚಾಗಿ ಕೂತಿರುತ್ತದೆ, ಅದನ್ನು ಕಿತ್ತರೆ ರಕ್ತಸ್ರಾವವಾಗುವ ಭಯವಿದೆ. ಆ ಭಯ ಎಷ್ಟು ನಿಜ ಎಂದು ತಿಳಿಯುವುದಕ್ಕೇ ಅವರನ್ನು ಸೇರಿಸಿಕೊಂಡು, ಎಚ್ಚರಿಕೆಯಿಂದ, ಪ್ರಯೋಗ ಮಾಡಬೇಕು. ಈಗ ಅದು ಶುರುವಾಗಿದೆ. ಅಬೇಟ್ ಎಂಬ ಪ್ರಯೋಗದಲ್ಲಿ ಅಮೈಲಾಯ್ಡ್ ವಿರುದ್ಧದ ಒಂದು ಲಸಿಕೆಯನ್ನು ಡೌನ್ ಸಿಂಡ್ರೋಮ್ ಇರುವವರಲ್ಲೂ ಪರೀಕ್ಷಿಸುತ್ತಿದ್ದಾರೆ. ರಕ್ತದಲ್ಲಿ ಟೌ ಪ್ರೋಟೀನಿನ ಒಂದು ರೂಪವನ್ನು ಅಳೆದು ಮಿದುಳಿನ ಸ್ಥಿತಿ ಅರಿಯುವ ಪರೀಕ್ಷೆಯೂ ಇವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ. ನೂರರಿಂದ ಏಳು ಕಳೆಯಲಾಗದವರಿಗೆ ಅಂಥ ಪರೀಕ್ಷೆ ಎಷ್ಟು ದೊಡ್ಡ ಉಪಕಾರ ಎಂದು ನಿಮಗೇ ಗೊತ್ತು.

ನಿಮ್ಮ ಮಗಳ ಬಗ್ಗೆ: ಡೌನ್ ಸಿಂಡ್ರೋಮ್‌ನ ಸುಮಾರು 95 ಪ್ರತಿಶತ ಪ್ರಕರಣಗಳು ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವ ಹೊತ್ತಿನ ಆಕಸ್ಮಿಕ, ವಂಶದ್ದಲ್ಲ. ಮೂರ್ನಾಲ್ಕು ಪ್ರತಿಶತದಲ್ಲಿ ವರ್ಣತಂತುವಿನ ತುಂಡು ಬೇರೊಂದಕ್ಕೆ ಅಂಟಿಕೊಂಡಿರುತ್ತದೆ, ಅದು ಕುಟುಂಬದಲ್ಲಿ ಹರಿಯಬಹುದು. ನಿಮ್ಮ ತಮ್ಮನ ರಕ್ತದಲ್ಲಿ ವರ್ಣತಂತುಗಳನ್ನು ಎಣಿಸಿ ನೋಡುವ ಕ್ಯಾರಿಯೊಟೈಪ್ ಪರೀಕ್ಷೆ ಒಮ್ಮೆ ಮಾಡಿಸಿದರೆ ಈ ಅನುಮಾನ ಬಗೆಹರಿಯುತ್ತದೆ. ಅವರಿಗೆ ಮರೆವಿನ ಕಾಯಿಲೆ ಬಂದಿದ್ದರೆ ಅದು ಅವರ ಮೂರನೆಯ ಪ್ರತಿಯಿಂದ. ನಿಮ್ಮ ಮಗಳಿಗೆ ಆ ಪ್ರತಿ ಇಲ್ಲ.

ಕಾಗದಪತ್ರದ ಕೆಲಸವನ್ನೂ ಮುಂದೂಡಬೇಡಿ. ಅಮ್ಮ ಇಲ್ಲದ ಮೇಲೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅವರ ಪರವಾಗಿ ಸಹಿ ಹಾಕಲು ಕಾನೂನಿನ ಪೋಷಕರು ಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಡಬಹುದು, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಅದೇ ಕಾಯ್ದೆಯ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ನಿಮಗೇ ಮನಸ್ಸು ತಡೆಯದಂತಾದಾಗ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ‘ಅಮ್ಮ ಎಲ್ಲಿ’ ಎನ್ನುವ ಪ್ರಶ್ನೆ. ನೀವು ಅದಕ್ಕೆ ಉತ್ತರ ಕೇಳಿಲ್ಲ, ಆದರೆ ಪತ್ರದಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅದೇ. ಒಮ್ಮೆ ನಿಜ ಹೇಳಿದ್ದೀರಿ, ಅದು ಸರಿ. ಈಗ ಆ ನಿಜ ಅವರಲ್ಲಿ ನಿಲ್ಲುತ್ತಿಲ್ಲವಾದರೆ ದಿನಕ್ಕೆ ನಾಲ್ಕು ಸಲ ಅದನ್ನೇ ಹೇಳಿ ನಾಲ್ಕು ಸಲ ಸೂತಕ ಮಾಡಿಸುವುದು ಬೇಡ. ಸುಳ್ಳೂ ಬೇಡ. ಪಕ್ಕದಲ್ಲಿ ಕುಳಿತು ‘ಅಮ್ಮನ ನೆನಪಾಯ್ತಾ ಮರಿ? ಅಮ್ಮ ನಿನಗೆ ಏನು ಮಾಡಿಕೊಡ್ತಿದ್ರು?’ ಎಂದು ಕೇಳಿ. ಕಡುಬೋ ನೀರುದೋಸೆಯೋ, ಏನೋ ಒಂದು ಹೇಳುತ್ತಾರೆ. ಅಮ್ಮನ ಹಳೆಯ ಸೀರೆ ಇದ್ದರೆ ಕೈಗೆ ಕೊಡಿ. ಡೇರಿಗೆ ಒಬ್ಬರನ್ನೇ ಕಳಿಸುವುದು ಇನ್ನು ಆಗದು, ಆದರೆ ಹೋಗುವುದನ್ನು ನಿಲ್ಲಿಸಬೇಡಿ. ಖಾಲಿ ಕ್ಯಾನು ಅವರ ಕೈಯಲ್ಲಿರಲಿ, ಹಾಲಿನದು ನಿಮ್ಮ ಕೈಯಲ್ಲಿರಲಿ, ತಿರುವು ಬಂದಾಗ ನೀವು ಒಂದು ಹೆಜ್ಜೆ ಮುಂದೆ ನಡೆಯಿರಿ.